ಹೋಗ್ಬರ್ತೀನಿ ಅನ್ನುವ ಸರ್ವರ್

ನೀರು ಸರಬರಾಜು ಕಚೇರಿಯಲ್ಲಿ ಫೈಲಿನ ಬೀರುವಿಗೂ ಕಿಟಕಿಗೂ ನಡುವೆ ಕೂತಿದ್ದ ಸರ್ವರ್ ಕಂಪ್ಯೂಟರನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಆರ್ಮ್ ಎಂಬ ಬಗೆಯ ಪುಟ್ಟ ಚಿಪ್ ಇದ್ದ, ಹನ್ನೊಂದು ವರ್ಷದ ಯಂತ್ರ. ಊರಿನ ಒಂಬತ್ತು ಟ್ಯಾಂಕುಗಳ ನೀರಿನ ಮಟ್ಟ ಹತ್ತು ನಿಮಿಷಕ್ಕೊಮ್ಮೆ ಬಂದು ಅಜ್ಜಿಯ ಮಡಿಲು ಸೇರಬೇಕು. ಇವತ್ತು ಮಧ್ಯಾಹ್ನದೊಳಗೆ ಹೊಸ ಆಪರೇಟಿಂಗ್ ಸಿಸ್ಟಮ್ ಕೂತರೆ ಅಜ್ಜಿ ಉಳಿಯುತ್ತಾಳೆ, ಇಲ್ಲದಿದ್ದರೆ ಗುಜರಿಗೆ. ಹಾಗೆಂದು ಕಚೇರಿಯ ಕಿರಿಯ ತಂತ್ರಜ್ಞೆಗೆ ಅಣ್ಣ ಹೇಳಿದ್ದ. ಒಡಹುಟ್ಟಿದ ಅಣ್ಣನಲ್ಲ, ಆರು ವರ್ಷದ ಹಿಂದೆ ಅವಳ ಕೈಗೆ ಕೀಬೋರ್ಡು ಕೊಟ್ಟು ಕೆಲಸ ಕಲಿಸಿದ ಹಿರಿಯ ತಂತ್ರಜ್ಞ.

ಕಲಿಸಿದ್ದರಲ್ಲಿ ಒಂದು ಹುಚ್ಚು ಪದ್ಧತಿಯೂ ಇತ್ತು. ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸುವ, ಅಂದರೆ ರೀಬೂಟ್ ಮಾಡುವ ಮುಂಚೆ ಪರದೆಯ ಮೇಲೆ ‘ಹೋಗ್ಬರ್ತೀನಿ’ ಎಂದು ಟೈಪ್ ಮಾಡಬೇಕು.

“ಬರೀ ‘ಹೋಗ್ತೀನಿ’ ಅಂದ್ರೆ ಮುದುಕಿ ನಿಜವಾಗ್ಲೂ ಹೊರಟೇಬಿಡ್ತಾಳೆ ಕಣೇ,” ಎಂದು ಅವನು ನಕ್ಕಿದ್ದ.

ಎರಡು ವಾರ ಅವಳು ಅಜ್ಜಿಯಂಥದೇ ಬೇರೊಂದು ಯಂತ್ರದ ಮೇಲೆ ತಾಲೀಮು ಮಾಡಿದ್ದಳು. ಈಗ ಸಿಸ್ಟಮ್ಮಿನ ಒಂದೊಂದೇ ಆವೃತ್ತಿ ಹತ್ತಿಸಿದಳು, ನಡುವಿನದನ್ನು ಹಾರಿ ದಾಟುವಂತಿರಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಹಳೆಯ ಸಿಸ್ಟಮ್ಮಿನ ತಿರುಳಾದ ಕರ್ನಲ್ ಅಳಿಸಿದಳು. ಮೂರನೆಯ ‘ಹೋಗ್ಬರ್ತೀನಿ’ಯ ನಂತರ ಪರದೆ ನಾಲ್ಕು ನಿಮಿಷ ಕಪ್ಪಗೇ ಉಳಿಯಿತು. ಆಮೇಲೆ ಹಸಿರು ದೀಪ ಮಿಣುಕಿತು. ಅಜ್ಜಿ ಎದ್ದು ಕೂತಿದ್ದಳು.

ಆದರೆ ಟ್ಯಾಂಕುಗಳಿಂದ ಒಂದು ಅಂಕಿಯೂ ಬರಲಿಲ್ಲ.

ಒಂದು ಗಂಟೆ ತನ್ನದೇ ತಪ್ಪು ಹುಡುಕಿದಳು. ಪೋರ್ಟು ನೋಡಿದಳು, ಕೇಬಲ್ಲು ಕಿತ್ತು ಸಿಕ್ಕಿಸಿದಳು, ತನ್ನನ್ನೇ ಬೈದುಕೊಂಡಳು. ಎದುರಿನ ಗೋಡೆಯ ಪರದೆಯಲ್ಲಿ ಮಾತ್ರ ಒಂಬತ್ತೂ ಟ್ಯಾಂಕುಗಳ ಅಂಕಿಗಳು ಆರಾಮಾಗಿ ಬದಲಾಗುತ್ತಿದ್ದವು. ಎಲ್ಲಿಂದ? ಅಜ್ಜಿಯ ಹಳೆಯ ಲಾಗ್, ಅಂದರೆ ನಡೆದದ್ದರ ದಾಖಲೆ, ತೆರೆದಳು. ಕೊನೆಯ ಅಂಕಿ ಬಂದದ್ದು ಹನ್ನೆರಡು ದಿನದ ಹಿಂದೆ. ಅದಾದ ಒಂದು ನಿಮಿಷಕ್ಕೆ ಅಣ್ಣನ ಲಾಗಿನ್, ಅಣ್ಣನ ಆಜ್ಞೆ: ಒಂಬತ್ತೂ ಟ್ಯಾಂಕುಗಳನ್ನು ಹೊಸ ಯಂತ್ರಕ್ಕೆ ತಿರುಗಿಸು.

ಅವನ ಮೇಜಿನ ಬಳಿ ಹೋಗಿ ನಿಂತಳು. ಅವನು ಒಂದು ಕಾಗದವನ್ನು ಫೈಲಿನಡಿ ತಳ್ಳಿದ. ತಡವಾಗಿತ್ತು, ಅವಳು ಎಳೆದು ಓದಿದಳು. ‘ಅಪ್‌ಗ್ರೇಡ್ ಯತ್ನ ವಿಫಲ. ಯಂತ್ರ ದುರಸ್ತಿಗೆ ಬಾರದು.’ ತಾರೀಖು ನಿನ್ನೆಯದು. ಯತ್ನಿಸಿದವರು ಎಂಬಲ್ಲಿ ಅವಳ ಹೆಸರು.

“ಅಜ್ಜಿ ಎದ್ದಿದ್ದಾಳೆ ಅಣ್ಣ.”

“ಏನು? ಎದ್ಲಾ?” ಅವನ ಮುಖ ಇಳಿಯಿತು.

“ನಾನು ಕೆಡಿಸ್ತೀನಿ ಅಂತ ಅಷ್ಟೊಂದು ನಂಬಿಕೆನಾ?”

“ಹಾಗಲ್ವೇ. ಸಾಹೇಬ್ರು ಹೊಸ ಯಂತ್ರ ಅಂತ ಮೊದ್ಲೇ ತೀರ್ಮಾನ ಮಾಡ್ಬಿಟ್ಟಿದ್ರು. ಕೆಟ್ಟಿದೆ ಅಂತ ಬರೀದೆ ಗುಜರಿಗೆ ಹಾಕೋ ಹಾಗಿಲ್ಲ. ನಿಂಗೆ ಹೇಳಿದ್ರೆ ಗಲಾಟೆ ಮಾಡ್ತಿದ್ದೆ.”

“ಮಾಡ್ತಿದ್ದೆ.”

“ಒಂದು ಸಹಿ ಅಷ್ಟೇ. ನಿನ್ನ ಕೆಲಸಕ್ಕೇನೂ ಆಗಲ್ಲ, ನಾನಿದೀನಲ್ಲ.”

ಅವಳು ಪೆನ್ನು ತೆಗೆದುಕೊಂಡಳು. ‘ವಿಫಲ’ವನ್ನೂ ಮುಂದಿನ ಸಾಲನ್ನೂ ಹೊಡೆದುಹಾಕಿ ಮೇಲೆ ‘ಸಫಲ’ ಎಂದು ಬರೆದು, ಇವತ್ತಿನ ತಾರೀಖು ಹಾಕಿ, ಸಹಿ ಮಾಡಿದಳು. ಕಾಗದವನ್ನು ಅವನಿಗೆ ಕೊಡದೆ ತಾನೇ ಹಿಡಿದುಕೊಂಡು ಸಾಹೇಬರ ಕೋಣೆಯತ್ತ ತಿರುಗಿದಳು.

“ಎಲ್ಲಿಗೇ?”

“ಹೋಗ್ತೀನಿ,” ಎಂದಳು.

ಉಳಿದರ್ಧ ಬರುತ್ತದೆಂದು ಅವನು ಕಾದ. ಅವಳು ಬಾಗಿಲು ದಾಟಿಯಾಗಿತ್ತು.