ಸೊಟ್ಟ ನೀರು

ಬಳೆಗೆ ಮತ್ತೆ ಕೆಂಪು ಪುಡಿ ಅಂಟಿದೆ, ಊದಿದರೂ ಹೋಗದು, ಹಾಳಾಗಿ ಹೋಗಲಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಒರೆಸಿಕೊಂಡಳು ಶೇವಂತೆವ್ವ, ಇಪ್ಪತ್ತು ವರ್ಷದಿಂದ ಇದೇ ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಶೆಡ್ಡು, ಸಾಲಿ ಕಾಲೇಜಿಗೆ ಅಣುವಿನ ಮಾದರಿ ಮಾಡುವ ಇದೇ ಪ್ಲಾಸ್ಟಿಕ್ ಗುಂಡು, ಇದೇ ಡ್ರಿಲ್ಲು, ತನ್ನ ಕೆಲಸಕ್ಕೆ ಯಾರಾದರೂ ತಪ್ಪು ಹಿಡಿದು ಹೆಸರಿಟ್ಟಿದ್ದರೇ? ಇವತ್ತು ಬಂದಿದ್ದಾಳೆ ಇಡುವುದಕ್ಕೆ, ಕಾಲೇಜಿನ ರಾಜೇಶ್ವರಿ ಮೇಡಂ, ಪುಡಿ ತಾಗೀತೆಂದು ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಶೇವಂತೆವ್ವ ಕೊರೆದ ಕೆಂಪು ಗುಂಡು — ಅತ್ತ ಇತ್ತ ಎರಡು ಕಡ್ಡಿ, ತುದಿಗೆ ಎರಡು ಬಿಳಿ ಗುಂಡು, ತಕ್ಕಡಿಯ ದಂಡಿಗೆಯಷ್ಟು ನೆಟ್ಟಗೆ — ಇದು ನೀರಿನ ಅಣು ಅಲ್ರಿ, ನೀರು ಬಾಗಿರ್ತೈತಿ, ನೂರಾ ನಾಲ್ಕೂವರೆ ಡಿಗ್ರಿ, ಹಿಂಗ ನೆಟ್ಟಗಿದ್ದಿದ್ರ ಒಂದನ್ನೊಂದು ಹಿಡಕೊಳ್ತಿದ್ದಿಲ್ಲ, ಹಬಿಯಾಗಿ ಹಾರಿ ಹೋಗಿ ಕೆಲಗೇರಿ ಕೆರ್ಯಾಗ ಒಂದು ಹನಿ ಉಳೀತಿದ್ದಿಲ್ಲ — ಉಳಿಯದಿದ್ದರೆ ಬಿಡಲಿ, ಕುಡಿಯುವ ನೀರಿಗೂ ಡಿಗ್ರಿಯಂತೆ! ಕರಿ ಗುಂಡು ನೋಡಲಿ, ನಾಲ್ಕು ತೂತು, ಕಡ್ಡಿ ಚುಚ್ಚಿದರೆ ನೆಗ್ಗಿಲಮುಳ್ಳು, ಹೇಗೆ ಒಗೆದರೂ ಒಂದು ಮೊನೆ ಮೇಲಕ್ಕೇ, ಅದರಲ್ಲೊಂದು ತಪ್ಪು ತೋರಿಸಲಿ — ಕೆಂಪು ಗುಂಡು ಹಿಡಿದಿಟ್ಟು ಕೊರೆಯುವ ಅಚ್ಚು ಹೋದ ತಿಂಗಳು ಬಂದಾಗಲೇ ಸೊಟ್ಟಗಿತ್ತು, ಗುಂಡು ಕೂರಿಸಿದರೆ ಎರಡನೆಯ ತೂತು ಓರೆಗೆ ಬೀಳುತ್ತಿತ್ತು, ಅಚ್ಚು ಮಾಡುವ ಮುದುಕ ಕಾಸಿಮಸಾಬ, ಅದು ಹಂಗ ಐತಿ ತಂಗೀ, ಅಳತಿ ಚೀಟಿ ನೋಡೇ ಮಾಡೇನಿ, ಅಂದಿದ್ದ, ಇವಳು ನಕ್ಕುಬಿಟ್ಟಿದ್ದಳು, ಕಾಕಾ, ಸೊಟ್ಟಾಗಿದ್ದು ನೀರಲ್ಲ, ನಿನ್ನ ಕಣ್ಣು, ನಾ ಏಳನೇತ್ತಾ ಪಾಸಾದಾಕಿ, ನನಗ ಕಲಸ್ತೀ? ಅವನು ಅತ್ತ ಹೋದ ಮೇಲೆ ಒಂದು ಚೂರು ಕಟ್ಟಿಗೆ ಸೀಳಿ ಅಚ್ಚಿನ ಕೆಳಗೆ ಬೆಣೆ ಬಡಿದು ನೆಟ್ಟಗೆ ಮಾಡಿದ್ದಳು, ಯಾರಿಗೂ ಹೇಳಲಿಲ್ಲ, ಹೇಳುವುದೇನು, ನೀರು ನೆಟ್ಟಗೇ, ಎಚ್ಚು ಗೀಟು ಓ ಗೀಟು ಎಚ್ಚು, ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಏಳನೆಯ ಇಯತ್ತೆಯ ವರ್ಗ, ತೊಡೆಯ ಮೇಲೆ ಪಾಟಿ, ಕೈಯಲ್ಲಿ ಬಳಪ, ಜಾಗ ಸಾಲದೆ ಎರಡೂ ಎಚ್ಚು ಕೆಳಕ್ಕೆ ಇಳಿದಿದ್ದವು, ಗೀಟು ಎರಡೂ ಓರೆ, ಮಾಸ್ತರ ನೆತ್ತಿಯ ಮೇಲೆ ನಿಂತು, ಏನ್ಲೇ ಇದು, ನೀರೋ ಎಮ್ಮಿ ಕೋಡೋ, ಇಡೀ ಸಾಲಿ ನಕ್ಕಿತು, ಮಾಸ್ತರ ಹೆಬ್ಬೆರಳನ್ನು ಬಾಯಿಗಿಟ್ಟು ಒದ್ದೆ ಮಾಡಿ ಪಾಟಿಯ ಮೇಲೆ ಒತ್ತಿದ, ಆ ಓರೆ ಗೀಟು ಹೋಯಿತು, ಎಲೆಯಡಿಕೆ ವಾಸನೆಯ ಎಂಜಲು ಉಳಿಯಿತು, ನೆಟ್ಟಗ ಬರಿ, ನೂರು ಸಲ ಬರಿ, ಬರೆದಳು —

ನೂರಾ ನಾಲ್ಕೂವರೆ. ಅಂದರೆ ಅವತ್ತು ಪಾಟಿಯ ಮೇಲಿದ್ದದ್ದು — ಥೂ, ಆ ಮಾಸ್ತರನ ಬಾಯಿಗೆ ಮಣ್ಣು ಬೀಳಲಿ, ಈ ಮೇಡಮ್ಮನ ಬಾಯಿಗೂ, ಇಷ್ಟು ದಿನ ಎಲ್ಲಿ ಸತ್ತಿದ್ದಳು ಇವಳು? ಅಷ್ಟರಲ್ಲಿ ಸೂಪರ್‌ವೈಸರ್ ಬಸವಪ್ರಭು, ನಿನ್ನೆ ಮೊನ್ನೆ ಮೀಸೆ ಬಂದ ಪೋರ, ಕಾಸಿಮಸಾಬನನ್ನು ಕರೆಸಿದ್ದಾನೆ, ಅಚ್ಚು ಮಾಡೂದು ಸಾಕು ಕಾಕಾ, ನಿನಗ ಕಣ್ಣು ಕಾಣೂದಿಲ್ಲ, ನಾಳಿಂದ ಬರಬ್ಯಾಡ — ಮುದುಕ ಜಗಳಾಡಬಾರದೇ, ಬೈಯಬಾರದೇ, ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು, ಅವನು ಕನ್ನಡಕ ಒರೆಸಿಕೊಂಡು, ನಾ ಬಾಗಿಸೇ ಮಾಡಿದ್ದೆರೀ ಸಾಹೇಬ್ರ, ಅಚ್ಚು ಒಂದ್ಸಲ ನೋಡ್ತೇನಿ, ಅಷ್ಟೇ, ಇತ್ತಲೇ ಬರುತ್ತಿದ್ದಾನೆ, ಚಪ್ಪಲಿ ಎಳೆಯುತ್ತ, ಹತ್ತು ಹೆಜ್ಜೆ, ಎಂಟು, ಹೇಳಿಬಿಡು ಶೇವಂತೀ, ಬೆಣೆ ನಂದು ಅನ್ನು, ಯಾಕೆ ಅನ್ನಲಿ, ಎಲ್ಲರೂ ನಗಲಿ ಅಂತಲೇ, ನೀರೋ ಎಮ್ಮಿ ಕೋಡೋ, ಐದು ಹೆಜ್ಜೆ, ಮೂರು, ತಂಗೀ, ಸ್ವಲ್ಪ ಕೈ ತಗೀ — ಯಾವ ಕೈ, ಕೆಳಗೆ ನೋಡಿದಳು, ಬೆಣೆಯ ಮೇಲೆ ಒತ್ತಿ ಕೂತಿದೆ, ಎಂಜಲು ಇನ್ನೂ ಆರದ, ಒದ್ದೆ ಹೆಬ್ಬೆರಳು.