ಕಾಲುಂಗುರಕ್ಕೊಂದು ಹ್ಯಾಕ್ಸಾ

ಧನಕವಡಿಯ ಆ ಮನೆಗೆ ಬಾಲ್ಕನಿ ಅಂತ ಒಂದಿತ್ತು ನಿಜ, ಆದರೆ ಅಲ್ಲಿ ಒಂದು ಕರ್ಚೀಫು ಒಣಹಾಕಲಿಕ್ಕೂ ಭಾಗ್ಯಾಳಿಗೆ ಜಾಗವಿರಲಿಲ್ಲ. ಅದು ಮಾವ ಅವ್ವಣ್ಣನ ವರ್ಕ್‌ಶಾಪು. ದೌಂಡದ ರೈಲ್ವೆಯಲ್ಲಿ ಫಿಟರ್ ಆಗಿ ರಿಟೈರಾದ ಮನುಷ್ಯ ಸುಮ್ಮನೆ ಕೂತು ಟಿವಿ ನೋಡಬಾರದೇ? ಊಹೂಂ. ಭಾನುವಾರ ಬಂತೆಂದರೆ ಜುನಾ ಬಜಾರಿಗೆ ಹೋಗಿ, ಹಳೇ ಸಾಮಾನಿನ ರಾಶಿಯೊಳಗಿಂದ ಕಬ್ಬಿಣ ಕೊಯ್ಯುವ ಗರಗಸವೊಂದನ್ನು ಹೆಕ್ಕಿಕೊಂಡೇ ಬರಬೇಕು. ಮರದ ಹಿಡಿಯ ಹ್ಯಾಕ್ಸಾ, ಪಿಸ್ತೂಲಿನಂಥ ಹಿಡಿಯ ಹ್ಯಾಕ್ಸಾ, ಬೇಕಾದಷ್ಟು ಉದ್ದ ಮಾಡಿಕೊಳ್ಳುವ ಹ್ಯಾಕ್ಸಾ, ಅಂಗೈಯಷ್ಟಿರುವ ಮರಿ ಹ್ಯಾಕ್ಸಾ. ಗೋಡೆ ತುಂಬ ಮೊಳೆ, ಮೊಳೆಗೊಂದು ಗರಗಸ.

"ಕಬ್ಬಿಣ ಕೊಯ್ಯೋದಂದ್ರ ಬದನಿಕಾಯಿ ಹೆಚ್ಚಿದಂಗಲ್ಲ ತಂಗಿ. ಒಂದೊಂದು ಕೆಲಸಕ್ಕ ಒಂದೊಂದು ಹಲ್ಲು ಬೇಕು," ಅನ್ನುತ್ತಿದ್ದ. ಇಷ್ಟೆಲ್ಲ ಹಲ್ಲು ಇಟ್ಟುಕೊಂಡು ಆತ ಈವರೆಗೆ ಕೊಯ್ದದ್ದೇನು? ಪರದೆ ಹಾಕುವ ಒಂದು ಪೈಪು. ಅದೂ ಗಿಡ್ಡವಾಗಿ, ಪರದೆಯನ್ನು ಭಾಗ್ಯಾ ಹಗ್ಗಕ್ಕೆ ಕಟ್ಟಿದ್ದಳು.

ಅಂಥಾದ್ದರಲ್ಲಿ ಅತ್ತೆ ಸುಗಲಾಬಾಯಿ ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ ಕಾಲು ಎಡವಿಕೊಂಡಳು. ಮೊದಲೇ ಸಕ್ಕರೆ ಕಾಯಿಲೆ. ಬೆಳಗಾಗುವುದರೊಳಗೆ ಹೆಬ್ಬೆರಳ ಪಕ್ಕದ ಬೆರಳು ಉಬ್ಬಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬೆಳ್ಳಿಯ ಕಾಲುಂಗುರ ಮಾಂಸದೊಳಗೆ ಹುಗಿದುಕೊಂಡಿತ್ತು. ಎಣ್ಣೆ ಹಚ್ಚಿದರು, ಸಾಬೂನು ಹಚ್ಚಿದರು, ದಾರ ಸುತ್ತಿದರು. ಅದು ಜಪ್ಪಯ್ಯ ಅನ್ನಲಿಲ್ಲ.

ಬೇರೆಯವರ ಕಾಲುಂಗುರವಾಗಿದ್ದರೆ ಅಡಿಯಲ್ಲಿ ಬಾಯಿ ಬಿಟ್ಟಿರುತ್ತದೆ, ಹಿಗ್ಗಿಸಿದರೆ ಬಂತು. ಇದು ಹಾಗಲ್ಲ. ಹಿಂದೊಮ್ಮೆ ದೌಂಡದಲ್ಲಿ ಜಾರಿ ಬಿದ್ದಿತೆಂದು ಅವ್ವಣ್ಣನೇ ಅದರ ಬಾಯಿಗೆ ಬೆಸುಗೆ ಹಾಕಿ ಮುಚ್ಚಿಬಿಟ್ಟಿದ್ದ. ಆ ದೊಡ್ಡ ಬುದ್ಧಿವಂತಿಕೆಯನ್ನು ಇವತ್ತಿಗೂ ಬಂದುಹೋದವರ ಮುಂದೆ ಹೇಳಿಕೊಳ್ಳುತ್ತಿದ್ದ.

ಕ್ಲಿನಿಕ್ಕಿನ ಡಾಕ್ಟರು ನೋಡಿದವರೇ, ಸಂಜೆಯೊಳಗೆ ಉಂಗುರ ಹೋಗಬೇಕು, ಇಲ್ಲವಾದರೆ ಬೆರಳೇ ಹೋಗುತ್ತದೆ ಅಂದರು. ಅಷ್ಟಕ್ಕೆ ಸುಗಲಾಬಾಯಿ ಹೂಂ ಅಂದಿದ್ದಳು. ಆದರೆ ಇಕ್ಕಳ ಹಿಡಿದು ಬಂದ ಎಳೇ ನರ್ಸು, "ಜೋಡವಿ ಕಾಪಾವಿ ಲಾಗೇಲ, ಆಜಿ," ಅಂದುಬಿಟ್ಟಳು. ಕಾಲುಂಗುರ ಕತ್ತರಿಸಬೇಕಂತೆ! ಮುತ್ತೈದೆಯ ಬಳೆ ಒಡೆದರೆ ಒಡೆಯಿತು ಅನ್ನುವುದುಂಟೇ? ಅಪಶಕುನ ಬೇಡವೆಂದು ಮರಾಠಿಯವರು ವಾಢವಲಿ ಅನ್ನುತ್ತಾರೆ, ನಮ್ಮವರು ಹೆಚ್ಚಾತು ಅನ್ನುತ್ತಾರೆ. ಆ 'ಕಾಪಾವಿ' ಕಿವಿಗೆ ಬಿದ್ದದ್ದೇ ತಡ, ಸುಗಲಾಬಾಯಿ ಮೇಜಿನಿಂದಿಳಿದು ಕುಂಟುತ್ತ ಹೊರಗೆ ಬಂದು ರಿಕ್ಷಾದಲ್ಲಿ ಕೂತಳು. ಭಾಗ್ಯಾ ಕೈಮುಗಿದದ್ದೂ ವ್ಯರ್ಥ, ಬೈದದ್ದೂ ವ್ಯರ್ಥ.

"ತೊಡಿಸಿದವರು ಇವರು," ಅಂದಳು ಅತ್ತೆ, ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿ. "ಹೆಚ್ಚಸೋದಿದ್ರ ಇವರೇ ಹೆಚ್ಚಸ್ಲಿ. ಮತ್ತೊಬ್ಬರ ಕೈ ನನ್ನ ಕಾಲುಂಗುರಕ್ಕ ತಾಗಬಾರ್ದು."

ಭಾಗ್ಯಾ ಗಂಡನಿಗೆ ಫೋನು ಹಚ್ಚಿದಳು. ಕಂಪನಿಯ ಕ್ಯಾಬು ಓಡಿಸುವ ಪ್ರೇಮಕುಮಾರ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ. "ಅಪ್ಪಗ ಹೇಳು, ಮನಿ ತುಂಬ ಹ್ಯಾಕ್ಸಾ ಅವಲ್ಲ," ಅಂದು ಇಟ್ಟುಬಿಟ್ಟ. ಹೌದಲ್ಲ! ಮೊಟ್ಟಮೊದಲ ಸಲ ಭಾಗ್ಯಾಳಿಗೆ ಆ ಬಾಲ್ಕನಿಯ ಮೇಲೆ ಪ್ರೀತಿ ಬಂತು.

ಆ ಪ್ರೀತಿ ಬಹಳ ಹೊತ್ತು ಉಳಿಯಲಿಲ್ಲ. ಅವ್ವಣ್ಣ ಗೋಡೆಯ ಮುಂದೆ ನಿಂತು ಒಂದನ್ನು ತೆಗೆದ, ಬೆಳಕಿಗೆ ಹಿಡಿದ, ಮತ್ತೆ ಮೊಳೆಗೆ ಹಾಕಿದ. "ಇದರ ಹಲ್ಲು ದಪ್ಪ, ಬೆಳ್ಳಿ ಮೆತ್ತಗ, ಕಚ್ಚಿ ಜಗ್ತದ." ಇನ್ನೊಂದು ತೆಗೆದ. "ಇದರ ಫ್ರೇಮ್ ಉದ್ದ, ಕಾಲಬುಡಕ ಹೋಗಂಗಿಲ್ಲ." ಮತ್ತೊಂದಕ್ಕೆ ಬ್ಲೇಡು ಕಟ್ಟಿದ, ಹಲ್ಲು ಹಿಂದುಮುಂದಾಗಿದೆಯೆಂದು ಬಿಚ್ಚಿದ, ಎಣ್ಣೆ ಒರೆಸಿದ, ಕನ್ನಡಕ ಒರೆಸಿದ, ಮತ್ತೆ ಬ್ಲೇಡು ಒರೆಸಿದ.

"ಮಾವಾರ, ಆ ಸಣ್ಣದು ತಗೋರಿ, ಸಾಕು."

"ಅದಕ್ಕ ಹೊಸ ಬ್ಲೇಡ್ ಹಾಕಬೇಕವ್ವಾ. ಎಲ್ಲಿಟ್ಟೀನೋ..."

"ನಿಮ್ಮ ಕಣ್ಣ ಮುಂದೇ ಅದ ನೋಡ್ರಿ!"

"ಅದು ಛಲೋದು, ಖರೆ. ಆದರ..."

ಆದರ! ಒಳಗೆ ಅತ್ತೆ ನರಳುತ್ತಿದ್ದಾಳೆ, ಇಲ್ಲಿ ಇವನದು ಆದರ. ಮನೆ ಉರಿಯುತ್ತಿದ್ದರೆ ಬಾವಿ ತೋಡುವುದಕ್ಕೆ ಗುದ್ದಲಿ ಆರಿಸುವ ಜಾತಿ ಇದು. ಬಿಸಿಲು ಎದುರಿನ ಕಟ್ಟಡದಾಚೆ ಇಳಿಯುತ್ತಿತ್ತು, ಭಾಗ್ಯಾಳ ಸಿಟ್ಟು ನೆತ್ತಿಗೇರಿತು.

"ಇಷ್ಟು ವರ್ಷ ನನ್ನ ಸೀರಿ ಒಣಗಸ್ಲಿಕ್ಕೆ ಜಾಗ ಬಿಡಲಿಲ್ಲ ನೀವು! ಬೇಕಾದ ದಿನ ಒಂದೂ ಕೆಲಸಕ್ಕ ಬರಂಗಿಲ್ಲಂದ್ರ ಇವನ್ನೇನು ಉಪ್ಪಿನಕಾಯಿ ಹಾಕ್ತೀರೇನು? ಅತ್ತಿ ಬೆರಳು ಕೊಳೀಲಿಕ್ಕತ್ತದ, ಹಲ್ಲು ಎಣಿಸ್ಕೋತ ನಿಂತೀರಲ್ಲ!"

ಅವ್ವಣ್ಣ ತಿರುಗಿದ.

"ಹಲ್ಲಿನ ಮಾತಲ್ಲ ತಂಗಿ," ಅಂದ, ಗೋಡೆಗೆ ಕೇಳಿಸುವಷ್ಟೇ ದನಿಯಲ್ಲಿ. "ಆ ಕಾಲುಂಗುರ ಯಾರ ಜೀವದ ಮ್ಯಾಲ ಅದ? ನನ್ನ ಜೀವದ ಮ್ಯಾಲ ಅಲ್ಲೇನು? ನನ್ನ ಕೈಲೇ ನಾ ಅದನ್ನ... ನನಗ ಅಂಜಿಕಿ ಬರ್ತದವ್ವಾ."

ಭಾಗ್ಯಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ರೈಲಿನ ಬೋಗಿಯ ಕೆಳಗೆ ಮಲಗಿ ಕೆಲಸ ಮಾಡಿದ ಗಂಡಸು, ಒಂದು ಗುಂಜಿ ಬೆಳ್ಳಿಗೆ ಹೆದರಿ ನಿಂತಿದ್ದ. ಬೈಯಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

"ಭಾಗ್ಯಾ, ಬಿಡವ್ವಾ ಅವರನ್ನ. ಕಾಡಬ್ಯಾಡ." ದನಿಯಲ್ಲಿ ಸಿಟ್ಟು, ಹಟ ಏನೂ ಇರಲಿಲ್ಲ. "ಅವರ ಮನಸ್ಸಿಗಿ ಹತ್ತಲಿಲ್ಲಂದ್ರ ಬ್ಯಾಡ. ಒಂದು ಬೆರಳು ಹೋದ್ರ ಹೋತು. ಅವರು ಆರಾಮ ಇರಲಿ."

ಅವಳು ನಿಜವಾಗಿಯೂ ಹಾಗೇ ಮಾಡುವವಳು, ಅದು ಇಬ್ಬರಿಗೂ ಗೊತ್ತಿತ್ತು. ಅವ್ವಣ್ಣ ಕೈಯಲ್ಲಿದ್ದುದನ್ನು ಬಿಸಾಕಿ, ಎಲ್ಲಕ್ಕಿಂತ ಹತ್ತಿರವಿದ್ದ ಮರಿ ಹ್ಯಾಕ್ಸಾವನ್ನು ಮೊಳೆಸಮೇತ ಕಿತ್ತುಕೊಂಡು ಒಳಗೆ ಓಡಿದ.

"ಬೆರಳು ಹೋದ್ರ ಹೋತಂತ! ಏನ್ ಹುಚ್ಚಿ ಇದ್ದೀ ನೀನು?" ಎಂದು ಹೆಂಡತಿಗೆ ಗದರಿದ. "ಭಾಗ್ಯಾ, ಪೌಡರ್ ಡಬ್ಬಿ ಕೊಯ್ದು ಒಂದು ತಗಡಿನ ಪಟ್ಟಿ ತಾ. ಟಾರ್ಚ್ ಹಚ್ಚು. ಕಾಲು ಗಟ್ಟಿ ಹಿಡಿ."

ಬೆರಳಿನ ಅಡಿಯಲ್ಲಿ, ಉಂಗುರಕ್ಕೂ ಚರ್ಮಕ್ಕೂ ನಡುವೆ ತಗಡಿನ ಪಟ್ಟಿಯನ್ನು ತೂರಿಸುವಾಗ ಸುಗಲಾಬಾಯಿ ಭಾಗ್ಯಾಳ ತೋಳನ್ನು ಉಗುರು ನಾಟುವಂತೆ ಹಿಡಿದಳು. ಅವ್ವಣ್ಣ ಬೆಸುಗೆಯ ಮೇಲೆ ಬ್ಲೇಡು ಇಟ್ಟು, ಕಣ್ಣು ಮುಚ್ಚಿ ಏನೋ ಅಂದುಕೊಂಡ. "ಕಣ್ಣು ತಗೀರಿ ಮಾವಾರ!" ಎಂದು ಭಾಗ್ಯಾ ಚೀರಿದಳು. ಆತ ಕಣ್ಣು ತೆರೆದು, ಉಸಿರು ಬಿಗಿಹಿಡಿದು ಮೆಲ್ಲಗೆ ತಳ್ಳಿದ, ಮತ್ತೆ ತಳ್ಳಿದ. ಬೆಳ್ಳಿಯ ಪುಡಿ ಹಾಸಿಗೆಯ ಮೇಲೆ ಉದುರಿತು. ಬೆಸುಗೆ ಬಿಟ್ಟಿತು, ಆತ ಬಾಯಿ ಹಿಗ್ಗಿಸಿ ಉಂಗುರವನ್ನು ಎಳೆದು ತೆಗೆದ.

ರಕ್ತ ಬೆರಳಿಗೆ ನುಗ್ಗಿದ ನೋವಿಗೆ ಸುಗಲಾಬಾಯಿ ಗೋಡೆ ಅದುರುವ ಹಾಗೆ ಕಿರುಚಿಕೊಂಡಳು. ಭಾಗ್ಯಾ ಅವಳನ್ನು ಎಬ್ಬಿಸಿ, ಅವ್ವಣ್ಣನನ್ನೂ ಎಳೆದುಕೊಂಡು ರಿಕ್ಷಾ ಹತ್ತಿಸಿದಳು. ದಾರಿಯುದ್ದಕ್ಕೂ ಬೆರಳು ನೋಡುತ್ತ ಕೂತಳು. ಕಪ್ಪು ಮೆಲ್ಲನೆ ಕೆಂಪಾಗುತ್ತಿತ್ತು. ಅತ್ತೆ ಮಾತ್ರ ಬೆರಳಿನತ್ತ ಒಮ್ಮೆಯೂ ನೋಡಲಿಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಬೆರಳನ್ನು ಒತ್ತಿ ನೋಡಿ, ಉಳಿಯಿತು, ಮೇಜಿನ ಮೇಲೆ ಮಲಗಿ ಅಂದರು. ಸುಗಲಾಬಾಯಿ ಹತ್ತಲಿಲ್ಲ. ಒಂಟಿ ಕಾಲಲ್ಲಿ ನಿಂತುಕೊಂಡೇ ಗಂಡನ ರಟ್ಟೆ ಹಿಡಿದು ಮುಂದೆ ನೂಕಿದಳು.

"ಆಧೀ ಹ್ಯಾಂನಾ ಬಘಾ," ಅಂದಳು. ಮೊದಲು ಇವರನ್ನು ನೋಡಿ.

"ಇವರಿಗೇನಾಗಿದೆ?" ಡಾಕ್ಟರು ಭಾಗ್ಯಾಳ ಮುಖ ನೋಡಿದರು. ಏನಂತ ಹೇಳುತ್ತಾಳೆ ಅವಳು? ನೋಡ್ರಿ ಎಂದು ಬರೀ ಕೈಸನ್ನೆ ಮಾಡಿದಳು. ಡಾಕ್ಟರು ಅವ್ವಣ್ಣನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ಎದೆಗೆ ಸ್ಟೆಥೊಸ್ಕೋಪು ಇಟ್ಟು ಕೇಳಿದರು, ಗಟ್ಟಿಮುಟ್ಟಾಗಿದ್ದಾರೆ, ಇನ್ನೂ ಬಹಳ ವರ್ಷ ಇರುತ್ತಾರೆ ಅಂದರು.

ಆಗ ಸುಗಲಾಬಾಯಿ ಮೇಜು ಹತ್ತಿ ಕಾಲು ಚಾಚಿದಳು.