ಮೀನಿನ ಕೆಳಗಿನ ಪುಟ

ಬದುಕಿದ್ದಾಗ ತಿರುಗಿ ನೋಡದವರು ಸತ್ತ ಮೇಲೆ ವಿಳಾಸ ಹುಡುಕಿಕೊಂಡು ಬರುತ್ತಾರೆ. ವಜೀಹ್ ತೀರಿಕೊಂಡು ನಲವತ್ತನೆಯ ದಿನ ಕಳೆದಿತ್ತಷ್ಟೆ, ಕೈರೋದ ಪ್ರಕಾಶಕನೊಬ್ಬ ಅವನ ಮೊದಲ ಕಾದಂಬರಿ ‘ಉಪ್ಪಿನ ಚಂದ್ರ’ವನ್ನು ಮತ್ತೆ ಅಚ್ಚು ಹಾಕುತ್ತೇನೆಂದ. ಚಂದ್ರನ ಮೇಲೆ ಉಪ್ಪು ತೆಗೆಯಲು ಹೋದ ದಮಿಯೆಟ್ಟಾದ ಬೆಸ್ತರ ಕಥೆ. ಐವತ್ತು ವರ್ಷ ಹಳೆಯದು. ಆಗಿನ ವಿಮರ್ಶೆಗಳಿದ್ದರೆ ಕೊಡಿ, ಪುಸ್ತಕದಲ್ಲೇ ಸೇರಿಸೋಣ ಎಂದು ಮಗಳು ಇನಾಸಳನ್ನು ಕೇಳಿದ.

ಒಂದೂ ಬಂದಿಲ್ಲ ಎಂದೇ ಇನಾಸ್ ಕೇಳಿ ಬೆಳೆದದ್ದು. ಟೆಲಿಫೋನ್ ಕಚೇರಿಯ ಗುಮಾಸ್ತನಾಗಿದ್ದ ಅಪ್ಪ ಶುಕ್ರವಾರದ ಸಾಹಿತ್ಯ ಪುಟಕ್ಕಾಗಿಯೇ ಪತ್ರಿಕೆ ತರಿಸುತ್ತಿದ್ದ. ಒಂದು ವರ್ಷ ಕಾದ. ಆಮೇಲೆ ಬರೆಯುವುದನ್ನೇ ಬಿಟ್ಟ.

“ಬೈದಿದ್ರೂ ಸಾಕಿತ್ತು ಮಗಳೇ. ಯಾರೋ ಓದಿದಾರೆ ಅಂತಾದ್ರೂ ಗೊತ್ತಾಗ್ತಿತ್ತು.” ಸಾಯುವ ವಾರದಲ್ಲೂ ಅವನದು ಇದೇ ಮಾತು.

ಆದರೂ ಒಮ್ಮೆ ನೋಡಿಬಿಡೋಣವೆಂದು ಇನಾಸ್ ಕೈರೋದ ಅಜ್ಬಕೀಯದ ಹಳೆ ಪುಸ್ತಕದ ಅಂಗಡಿಗಳಲ್ಲಿ ಮೂರು ದಿನ ದೂಳು ತಿಂದಳು. ಅದೇ ಪತ್ರಿಕೆಯ ಹಳೆಯ ಕಟ್ಟೊಂದರಲ್ಲಿ, ಶುಕ್ರವಾರದ ಸಂಚಿಕೆಯೊಂದರ ಐದನೆಯ ಪುಟದಲ್ಲಿ ಅಪ್ಪನ ಹೆಸರಿತ್ತು. ವಿಮರ್ಶಕ ಚರ್ಮ ಸುಲಿದಿದ್ದ: ವಿಜ್ಞಾನ ಅರೆಬೆಂದದ್ದು, ಪಾತ್ರಗಳು ಮರದ ಗೊಂಬೆಗಳು. ಕೆಳಗೆ ‘ಒಂಬತ್ತನೆಯ ಪುಟ ನೋಡಿ’ ಎಂದಿತ್ತು. ನೋಡಿದಳು. ‘ಇಷ್ಟು ಜಗಳವಾಡಿದ್ದೇಕೆಂದರೆ, ಇಂಥ ಕಲ್ಪನೆ ನಮ್ಮಲ್ಲಿ ಇನ್ನಾರಿಗೂ ಇಲ್ಲ. ಈ ತರುಣನ ಎರಡನೆಯ ಪುಸ್ತಕಕ್ಕೆ ನಾನು ಕಾಯುತ್ತೇನೆ.’

ಅಳು ಬರಬೇಕಿತ್ತು, ಬರಲಿಲ್ಲ. ಎರಡೂ ಹಾಳೆಗಳನ್ನು ಕೊಂಡು ತಾಯಿಯಿರುವ ಊರಿನ ಬಸ್ಸು ಹತ್ತಿದಳು.

ಅಂದು ಶುಕ್ರವಾರ. ಆ ಮನೆಯಲ್ಲಿ ಮಧ್ಯಾಹ್ನದ ನಮಾಜು ಮುಗಿದರೆ ಮೀನು, ಮೀನಿನ ಕೆಳಗೆ ಆ ದಿನದ ಪತ್ರಿಕೆ. ಇನಾಸ್ ಹುಟ್ಟುವ ಮೊದಲಿನಿಂದಲೂ ಅದೇ ಪದ್ಧತಿ. ತಾಯಿ ರವ್ಹಿಯಾ ಬೂರಿ ಮೀನು ಹುರಿಯುತ್ತಿದ್ದಳು. ಇನಾಸ್ ಐದನೆಯ ಪುಟವನ್ನು ಎದುರಿಗೆ ಹಿಡಿದಳು. ಮುದುಕಿ ಓದಲು ಕನ್ನಡಕ ಕೂಡ ಕೇಳಲಿಲ್ಲ.

“ಅವ್ರು ನಮಾಜಿಗೆ ಹೋಗಿದ್ರು. ನಾನೇ ಮೊದ್ಲು ಓದ್ದೆ. ಇದನ್ನ ಓದಿದ್ರೆ ಅವ್ರು ಕುಗ್ಗಿಹೋಗ್ತಿದ್ರು. ಅವ್ರು ಬರೋಷ್ಟರಲ್ಲಿ ಪತ್ರಿಕೆ ಪೂರ್ತಿ ಹಾಸಿ ಮೀನು ಬಡಿಸ್ಬಿಟ್ಟೆ, ನಿಮ್ದೇನೂ ಬಂದಿಲ್ಲ ಅಂದೆ.” ಒಲೆ ಸಣ್ಣ ಮಾಡಿದಳು. “ಒಂಬತ್ತನೇ ಪುಟ ನೋಡೋ ಧೈರ್ಯ ಆಗ್ಲಿಲ್ಲ. ಅಲ್ಲೇನಿತ್ತೇ?”

ಒಂಬತ್ತನೆಯ ಪುಟ ಚೀಲದಲ್ಲಿತ್ತು. ಇನಾಸಳಿಗೆ ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ. ಎಂಬತ್ತು ದಾಟಿದ ತಾಯಿ ಸೌಟು ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು.

“ಇನ್ನೂ ಕೆಟ್ಟದಾಗಿ ಬೈದಿದ್ದ ಅಮ್ಮ.”

“ನಂಗೊತ್ತಿತ್ತು,” ಎಂದು ರವ್ಹಿಯಾ ಉಸಿರು ಬಿಟ್ಟಳು. “ಸದ್ಯ, ಒಳ್ಳೇದೇ ಮಾಡ್ದೆ. ಹಾಸು, ಮೀನು ಆರ್ತಿದೆ.”

ಇನಾಸ್ ಐದನೆಯ ಪುಟ ಹಾಸಿದಳು. ಎಣ್ಣೆ ಅಪ್ಪನ ಹೆಸರಿನ ಮೇಲೆ ಹರಡಿತು. ಇಬ್ಬರೂ ಮುಳ್ಳು ಬಿಡಿಸಿ ಹೊಟ್ಟೆ ತುಂಬ ಉಂಡರು.

ಸಂಜೆ ಅವಳು ಪ್ರಕಾಶಕನಿಗೆ ಫೋನ್ ಮಾಡಿ, ಒಂದೂ ಬಂದಿಲ್ಲ ಎಂದಳು.